ಕಡಲಾಚೆಗೂ ಕಲಿಸಿದ ಲೆಫ್ಟಿ ಓಡೂಲ್

ಆಟಗಾರನ ಬಾಳಿನಲ್ಲಿ ಎರಡು ಅವಧಿಗಳಿರುತ್ತವೆ. ಮೈಯಲ್ಲಿ ಕಸುವಿರುವಷ್ಟು ಕಾಲ ತಾನೇ ಆಡುವುದು ಮೊದಲನೆಯದು. ಕಸುವು ಕುಂದಿದ ಮೇಲೆ ತಾನು ಕಂಡುಕೊಂಡದ್ದನ್ನು ಬೇರೆಯವರ ಕೈಗೆ ದಾಟಿಸುವುದು ಎರಡನೆಯದು. ಮೊದಲನೆಯದರಲ್ಲಿ ಕೀರ್ತಿ ಗಳಿಸಿದವರು ಎರಡನೆಯದರಲ್ಲಿ ಸೋಲುವುದುಂಟು. ಹುಟ್ಟಿನಿಂದಲೇ ಒಲಿದು ಬಂದ ವಿದ್ಯೆಯನ್ನು ಬಿಡಿಸಿ ಹೇಳುವುದು ಸುಲಭವಲ್ಲ. ಅಮೆರಿಕದ ಬೇಸ್‌ಬಾಲ್ ಆಟಗಾರ ಫ್ರಾನ್ಸಿಸ್ ಜೋಸೆಫ್ ಓಡೂಲ್ ಅವರಿಗೆ ಈ ತೊಡಕು ಎದುರಾಗಲಿಲ್ಲ. ಅವರು ತಮಗೆ ಒಲಿದಿದ್ದ ವಿದ್ಯೆಯನ್ನು ಕಳೆದುಕೊಂಡು, ಆಟಗಾರರ ಲೆಕ್ಕದಲ್ಲಿ ತಡವೆನ್ನಬಹುದಾದ ವಯಸ್ಸಿನಲ್ಲಿ ಮತ್ತೊಂದನ್ನು ಶ್ರಮದಿಂದ ಕಲಿತವರು. ಕಲಿತದ್ದನ್ನು ತಮ್ಮ ಊರಿನ ಹುಡುಗರಿಗೆ ಕಲಿಸಿದರು. ಪೆಸಿಫಿಕ್ ಸಾಗರದ ಆಚೆಗಿದ್ದ ಜಪಾನಿನ ಹುಡುಗರಿಗೂ ಕಲಿಸಿದರು. ಈ ಎರಡು ದೇಶಗಳು ಪರಸ್ಪರ ಕಾದಾಡಿದ ಮೇಲೆ ಆ ಕಲಿಕೆಯ ನಂಟು ಏನಾಯಿತು ಎಂಬುದರಲ್ಲಿ ಅವರ ಬಾಳಿನ ಹಿರಿಮೆ ಅಡಗಿದೆ.

ಓಡೂಲ್ ಹುಟ್ಟಿದ್ದು 1897ರ ಮಾರ್ಚ್ 4ರಂದು, ಕ್ಯಾಲಿಫೋರ್ನಿಯಾದ ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ. ನಗರದ ಕಸಾಯಿಖಾನೆಗಳೆಲ್ಲ ಒತ್ತಾಗಿ ನೆಲೆಸಿದ್ದ ಆ ಕೇರಿಗೆ ಬುಚರ್‌ಟೌನ್ ಎಂದೇ ಹೆಸರು. ತಂದೆಯದು ಮಾಂಸ ಕಡಿಯುವ ಕಸುಬು. ಹುಡುಗನೂ ಎಳೆಯ ವಯಸ್ಸಿನಲ್ಲಿಯೇ ಶಾಲೆ ಬಿಟ್ಟು ಅದೇ ದುಡಿಮೆಗೆ ಇಳಿದ. ಆದರೆ ಶಾಲೆ ಬಿಡುವ ಮುನ್ನ ಅಲ್ಲಿನ ಶಿಕ್ಷಕಿಯೊಬ್ಬರು ಅವನಿಗೆ ಬೇಸ್‌ಬಾಲಿನ ಮೊದಲ ಪಾಠಗಳನ್ನು ಹೇಳಿಕೊಟ್ಟಿದ್ದರು. ಚೆಂಡನ್ನು ಹೇಗೆ ಎಸೆಯಬೇಕು, ಹೇಗೆ ಹಿಡಿಯಬೇಕು, ಹೇಗೆ ಹೊಡೆಯಬೇಕು ಎಂಬುದನ್ನು ತಾನು ಕಲಿತದ್ದು ಆ ತಾಯಿಯಿಂದ ಎಂದು ಓಡೂಲ್ ಮುಂದೆ ದೊಡ್ಡ ಹೆಸರು ಗಳಿಸಿದ ಮೇಲೂ ನೆನೆಯುತ್ತಿದ್ದರು. ಹುಡುಗ ಎಡಗೈಯವನಾದ್ದರಿಂದ ಲೆಫ್ಟಿ ಎಂಬ ಅಡ್ಡಹೆಸರು ಅಂಟಿಕೊಂಡಿತು. ಕೊನೆಯವರೆಗೂ ಅದೇ ಉಳಿಯಿತು.

ಕ್ರಿಕೆಟಿನಲ್ಲಿ ಬೌಲರ್‌ಗೆ ಇರುವ ಸ್ಥಾನ ಬೇಸ್‌ಬಾಲಿನಲ್ಲಿ ಪಿಚರ್‌ಗೆ ಇದೆ. ಓಡೂಲ್ ವೃತ್ತಿ ಆರಂಭಿಸಿದ್ದು ಪಿಚರ್ ಆಗಿ. 1917ರಲ್ಲಿ ತವರಿನ ಸ್ಯಾನ್ ಫ್ರಾನ್ಸಿಸ್ಕೋ ಸೀಲ್ಸ್ ತಂಡ ಅವರನ್ನು ಸೇರಿಸಿಕೊಂಡಿತು. ಮೊದಲ ಮಹಾಯುದ್ಧದ ಕೊನೆಯ ವರ್ಷ ಅವರು ನೌಕಾಪಡೆಯಲ್ಲಿದ್ದರು. 1919ರಲ್ಲಿ, 22ರ ಹರೆಯದಲ್ಲಿ, ದೇಶದ ಅತ್ಯುನ್ನತ ಹಂತವಾದ ಮೇಜರ್ ಲೀಗಿಗೆ ಕಾಲಿಟ್ಟು ನ್ಯೂಯಾರ್ಕ್ ಯಾಂಕೀಸ್ ತಂಡದ ಅಂಗಿ ತೊಟ್ಟರು. ಆದರೆ ಆ ದಿನಗಳಲ್ಲಿಯೇ ಎಡತೋಳಿಗೆ ಪೆಟ್ಟಾಯಿತು. ತವರಿಗೆ ಮರಳಿ 1921ರಲ್ಲಿ ಸೀಲ್ಸ್ ತಂಡಕ್ಕೆ 25 ಗೆಲುವುಗಳನ್ನು ತಂದುಕೊಟ್ಟರೂ ಮೇಜರ್ ಲೀಗಿನಲ್ಲಿ ಆ ತೋಳು ಮತ್ತೆ ನೆಚ್ಚಿಕೆಗೆ ಒದಗಲಿಲ್ಲ. 1923ರ ಜುಲೈ 7ರಂದು ಬಾಸ್ಟನ್ ರೆಡ್ ಸಾಕ್ಸ್ ಪರವಾಗಿ ಕ್ಲೀವ್‌ಲ್ಯಾಂಡಿನ ಎದುರು ಚೆಂಡೆಸೆಯುತ್ತಿದ್ದಾಗ ಒಂದೇ ಇನ್ನಿಂಗ್ಸ್‌ನಲ್ಲಿ 13 ರನ್‌ಗಳನ್ನು ತೆತ್ತರು. ಬಾಸ್ಟನ್ ಆ ಪಂದ್ಯವನ್ನು 27ಕ್ಕೆ 3ರಿಂದ ಸೋತಿತು. ಬೇಸ್‌ಬಾಲಿನಲ್ಲಿ ಒಂದು ಇನ್ನಿಂಗ್ಸ್‌ನಲ್ಲಿ ಒಂದು ರನ್ ಕೂಡ ಬಾರದಿರುವುದೇ ಹೆಚ್ಚು; ಹದಿಮೂರು ಎಂದರೆ ಪಿಚರ್ ಒಬ್ಬನ ವೃತ್ತಿಗೆ ಎಳೆದ ಗೆರೆಯೇ ಸರಿ. ಆ ವರ್ಷದೊಂದಿಗೆ ಮೇಜರ್ ಲೀಗಿನ ಬಾಗಿಲು ಮುಚ್ಚಿತು.

ಅನೇಕರು ಇಲ್ಲಿಗೆ ಆಟ ಬಿಟ್ಟು ಬೇರೆ ಬದುಕು ಹುಡುಕಿಕೊಳ್ಳುತ್ತಾರೆ. ಓಡೂಲ್ ಪಶ್ಚಿಮ ಕರಾವಳಿಯ ಪೆಸಿಫಿಕ್ ಕೋಸ್ಟ್ ಲೀಗಿಗೆ ಇಳಿದು, ಸಾಲ್ಟ್ ಲೇಕ್ ಸಿಟಿ ತಂಡದಲ್ಲಿ ಬ್ಯಾಟ್ ಹಿಡಿದು ನಿಂತರು. ಆಗ ಅವರಿಗೆ 27 ವರ್ಷ. ಚೆಂಡೆಸೆಯುವವನ ಮನಸ್ಸು ಹೇಗೆ ಓಡುತ್ತದೆ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಆ ಅರಿವನ್ನೇ ಇಟ್ಟುಕೊಂಡು ನಿಲ್ಲುವ ಭಂಗಿ, ಹೆಜ್ಜೆಯ ಅಳತೆ, ಸೊಂಟದ ತಿರುವು, ಮಣಿಕಟ್ಟಿನ ಚಲನೆ ಎಲ್ಲವನ್ನೂ ಒಂದೊಂದಾಗಿ ತಿದ್ದಿಕೊಂಡರು. ಬೇಸ್‌ಬಾಲಿನಲ್ಲಿ ಬ್ಯಾಟುಗಾರನ ಯೋಗ್ಯತೆಯನ್ನು ಅಳೆಯುವುದು ಸಾವಿರ ಅವಕಾಶಗಳಿಗೆ ಎಷ್ಟು ಹಿಟ್ ಬಂದವು ಎಂಬ ಸರಾಸರಿಯಿಂದ. ಮುನ್ನೂರು ದಾಟಿದವನು ಉತ್ತಮನೆನಿಸಿಕೊಳ್ಳುತ್ತಾನೆ. ಓಡೂಲ್ 1924ರಲ್ಲಿ ಆ ಲೀಗಿನಲ್ಲಿ 392ರ ಸರಾಸರಿ ಗಳಿಸಿದರು. 1927ರಲ್ಲಿ ಸೀಲ್ಸ್ ತಂಡಕ್ಕೆ ಮರಳಿ 378ರ ಸರಾಸರಿಯೊಂದಿಗೆ ಲೀಗಿನ ಅತ್ಯಂತ ಮೌಲಿಕ ಆಟಗಾರನೆಂಬ ಗೌರವ ಪಡೆದರು. ಮರುವರ್ಷ, 31ನೆಯ ವಯಸ್ಸಿನಲ್ಲಿ, ಪಿಚರ್ ಆಗಿ ಹೊರಬಿದ್ದ ಮೇಜರ್ ಲೀಗಿನೊಳಕ್ಕೆ ಬ್ಯಾಟುಗಾರನಾಗಿ ಮತ್ತೆ ಪ್ರವೇಶಿಸಿದರು.

1929ರಲ್ಲಿ ಫಿಲಡೆಲ್ಫಿಯಾ ಫಿಲೀಸ್ ತಂಡದ ಪರವಾಗಿ ಅವರು ಆಡಿದ ಋತು ಇಂದಿಗೂ ದಾಖಲೆಗಳಲ್ಲಿ ಹೊಳೆಯುತ್ತದೆ. ಆ ವರ್ಷ 254 ಹಿಟ್‌ಗಳು, 32 ಹೋಮ್ ರನ್‌ಗಳು, 398ರ ಸರಾಸರಿ. ಇನ್ನೊಂದೇ ಒಂದು ಹಿಟ್ ಬಂದಿದ್ದರೆ ಸರಾಸರಿ ನಾನೂರನ್ನು ಮುಟ್ಟುತ್ತಿತ್ತು. ಆ 254 ಹಿಟ್‌ಗಳನ್ನು ಮರುವರ್ಷ ಬಿಲ್ ಟೆರಿ ಸರಿಗಟ್ಟಿದರಾದರೂ ನ್ಯಾಷನಲ್ ಲೀಗಿನಲ್ಲಿ ಇನ್ನೂ ಯಾರೂ ಮೀರಿಲ್ಲ. 1932ರಲ್ಲಿ ಬ್ರೂಕ್ಲಿನ್ ತಂಡದಲ್ಲಿದ್ದಾಗ 368ರ ಸರಾಸರಿಯೊಂದಿಗೆ ಮತ್ತೊಮ್ಮೆ ಲೀಗಿನ ಅಗ್ರಸ್ಥಾನ ಪಡೆದರು. 1933ರಲ್ಲಿ ನ್ಯೂಯಾರ್ಕ್ ಜೈಂಟ್ಸ್ ತಂಡ ವಿಶ್ವ ಸರಣಿಯನ್ನು ಗೆದ್ದಾಗ ಅದರ ಎರಡನೆಯ ಪಂದ್ಯದಲ್ಲಿ ಬದಲಿ ಬ್ಯಾಟುಗಾರನಾಗಿ ಬಂದು ಎರಡು ರನ್ ತಂದ ಹೊಡೆತ ಅವರದೇ. 1934ರಲ್ಲಿ ಮೇಜರ್ ಲೀಗಿನ ಆಟ ಮುಗಿಸಿದಾಗ ಅವರ ಒಟ್ಟು ಸರಾಸರಿ 349. ತೋಳು ಸೋತವನೆಂದು ಹೊರಗೆ ಹಾಕಲ್ಪಟ್ಟವನು ತನ್ನ ಕಾಲದ ಶ್ರೇಷ್ಠ ಹೊಡೆತಗಾರರ ಸಾಲಿನಲ್ಲಿ ನಿಂತಿದ್ದ.

ಅಷ್ಟರಲ್ಲಿ ಬಾಳಿನ ಎರಡನೆಯ ಅವಧಿಯೂ ಸದ್ದಿಲ್ಲದೆ ಆರಂಭವಾಗಿತ್ತು. 1931ರಲ್ಲಿ ಲೂ ಗೆರಿಗ್, ಲೆಫ್ಟಿ ಗ್ರೋವ್ ಮೊದಲಾದ ಹೆಸರಾಂತ ಆಟಗಾರರೊಂದಿಗೆ ಓಡೂಲ್ ಜಪಾನಿಗೆ ಪಂದ್ಯಗಳನ್ನಾಡಲು ಹೋದರು. ಜಪಾನಿಗೆ ಬೇಸ್‌ಬಾಲ್ ಹೊಸದಾಗಿರಲಿಲ್ಲ. 1872ರ ಸುಮಾರಿಗೆ ಟೋಕಿಯೋದ ಶಾಲೆಯೊಂದರಲ್ಲಿ ಪಾಠ ಹೇಳುತ್ತಿದ್ದ ಹೊರೇಸ್ ವಿಲ್ಸನ್ ಎಂಬ ಅಮೆರಿಕದ ಅಧ್ಯಾಪಕರು ತಮ್ಮ ವಿದ್ಯಾರ್ಥಿಗಳಿಗೆ ಈ ಆಟವನ್ನು ಪರಿಚಯಿಸಿದ್ದರು. ಜಪಾನೀಯರು ಅದಕ್ಕೆ ತಮ್ಮ ನುಡಿಯಲ್ಲಿ ಯಾಕ್ಯೂ, ಅಂದರೆ ಬಯಲಿನ ಚೆಂಡು, ಎಂದು ಹೆಸರಿಟ್ಟುಕೊಂಡಿದ್ದರು. ಹೈಕು ಕವಿ ಮಸಾವೊಕಾ ಶಿಕಿ ಈ ಆಟದ ಮೋಹಿತರಾಗಿ ಅದರ ಪದಗಳನ್ನು ಜಪಾನಿ ಭಾಷೆಗೆ ತಂದಿದ್ದರು. ವಿಶ್ವವಿದ್ಯಾಲಯಗಳ ನಡುವಿನ ಪಂದ್ಯಗಳಿಗೆ ಜನ ಕಿಕ್ಕಿರಿದು ಸೇರುತ್ತಿದ್ದರು. ಆದರೆ ವೃತ್ತಿಪರ ತಂಡಗಳ ಲೀಗ್ ಅಲ್ಲಿ ಇನ್ನೂ ಇರಲಿಲ್ಲ.

ಆ ಪ್ರವಾಸದಲ್ಲಿ ಬಹುತೇಕ ಅಮೆರಿಕನ್ನರು ಗೆದ್ದು, ನೋಡಿ, ಮನೆಗೆ ಮರಳಿದರು. ಓಡೂಲ್ ಮಾತ್ರ ಆ ಜನರ ಕಲಿಯುವ ಹಂಬಲಕ್ಕೆ ಮನಸೋತರು. 1932ರಲ್ಲಿ ಮೋ ಬರ್ಗ್ ಮತ್ತು ಟೆಡ್ ಲಯನ್ಸ್ ಅವರೊಂದಿಗೆ ಮತ್ತೆ ಹೋದರು. ಈ ಸಲ ಹೋದದ್ದು ಕಲಿಸಲೆಂದೇ. ಟೋಕಿಯೋದ ವಿಶ್ವವಿದ್ಯಾಲಯಗಳ ಮೈದಾನಗಳಲ್ಲಿ ವಿದ್ಯಾರ್ಥಿಗಳ ಜೊತೆ ದಿನಗಟ್ಟಲೆ ನಿಂತು ಬ್ಯಾಟ್ ಹಿಡಿಯುವ ಕ್ರಮವನ್ನು ತೋರಿಸಿಕೊಟ್ಟರು. ಯೋಮಿಯೂರಿ ಪತ್ರಿಕೆಯ ಒಡೆಯ ಮತ್ಸುತಾರೊ ಶೋರಿಕಿ ಮತ್ತು ಆ ಪತ್ರಿಕೆಯ ಸೋತಾರೊ ಸುಜುಕಿ ಅವರ ಸ್ನೇಹವೂ ಬೆಳೆಯಿತು. 1934ರಲ್ಲಿ ಬೇಬ್ ರೂತ್ ಜಪಾನಿಗೆ ಬಂದು ಟೋಕಿಯೋದ ಬೀದಿಗಳಲ್ಲಿ ಲಕ್ಷಾಂತರ ಜನರ ಸ್ವಾಗತ ಪಡೆದ ಪ್ರಸಿದ್ಧ ಪ್ರವಾಸವನ್ನು ಕೂಡಿಸುವಲ್ಲಿ ಓಡೂಲ್ ಎರಡೂ ಕಡೆಯವರಿಗೆ ಬೇಕಾದ ಕೊಂಡಿಯಾಗಿದ್ದರು.

ಆ ಪ್ರವಾಸದಲ್ಲಿ, ನವೆಂಬರ್ 20ರಂದು ಶಿಜುವೊಕಾ ನಗರದಲ್ಲಿ, ಏಜಿ ಸವಾಮುರಾ ಎಂಬ 17 ವರ್ಷದ ಹುಡುಗ ಚೆಂಡೆಸೆದು ಗೆರಿಂಜರ್, ರೂತ್, ಗೆರಿಗ್, ಫಾಕ್ಸ್ ಎಂಬ ನಾಲ್ವರು ದಿಗ್ಗಜರನ್ನು ಸಾಲಾಗಿ ಔಟ್ ಮಾಡಿದ. ಗೆರಿಗ್ ಹೊಡೆದ ಒಂದು ಹೋಮ್ ರನ್ನಿನಿಂದ ಅಮೆರಿಕನ್ನರು 1ಕ್ಕೆ 0ಯಿಂದ ಗೆದ್ದರಾದರೂ ಜಪಾನು ಹೆಮ್ಮೆಪಟ್ಟದ್ದು ಆ ಹುಡುಗನ ಬಗ್ಗೆ. ಅದೇ ವರ್ಷದ ಕೊನೆಯಲ್ಲಿ ಶೋರಿಕಿ ವೃತ್ತಿಪರ ತಂಡವೊಂದನ್ನು ಕಟ್ಟಿದರು. 1935ರಲ್ಲಿ ಆ ತಂಡ ಅಮೆರಿಕ ಪ್ರವಾಸಕ್ಕೆ ಬಂದಾಗ ಅದರ ಉದ್ದನೆಯ ಜಪಾನಿ ಹೆಸರು ಅಮೆರಿಕನ್ನರ ನಾಲಿಗೆಗೆ ಹೊರಳುವುದಿಲ್ಲವೆಂದು ಟೋಕಿಯೋ ಜೈಂಟ್ಸ್ ಎಂಬ ಹೆಸರನ್ನು ಸೂಚಿಸಿದವರು ಓಡೂಲ್. ಅದು ತಾವು ಆಡಿದ್ದ ನ್ಯೂಯಾರ್ಕ್ ತಂಡದ ಹೆಸರು. ಜಪಾನಿನಲ್ಲಿ ಇಂದಿಗೂ ಅತ್ಯಂತ ಜನಪ್ರಿಯವಾದ ಆ ತಂಡ ಅದೇ ಹೆಸರಿನಿಂದ ಆಡುತ್ತಿದೆ. 1936ರಲ್ಲಿ ಅಲ್ಲಿ ವೃತ್ತಿಪರ ಲೀಗ್ ಆರಂಭವಾಯಿತು.

ತವರಿನಲ್ಲಿ ಓಡೂಲ್ 1935ರಿಂದ ಸೀಲ್ಸ್ ತಂಡದ ಮ್ಯಾನೇಜರ್ ಆದರು. ಬೇಸ್‌ಬಾಲಿನಲ್ಲಿ ಮ್ಯಾನೇಜರ್ ಎಂದರೆ ಲೆಕ್ಕಪತ್ರ ನೋಡುವವನಲ್ಲ. ಆಟಗಾರರನ್ನು ತಿದ್ದಿ, ಯಾರು ಯಾವಾಗ ಆಡಬೇಕೆಂದು ನಿರ್ಧರಿಸುವ ಮುಖ್ಯ ತರಬೇತುದಾರ. 17 ಋತುಗಳ ಕಾಲ ಅವರು ಆ ಹೊಣೆ ಹೊತ್ತರು. ಕಲಿಸುವಾಗ ಅವರು ಬಳಸುತ್ತಿದ್ದ ಉಪಾಯಗಳು ಸರಳವಾದವು. ಚೆಂಡು ಬರುವ ಮೊದಲೇ ಮುಂದಕ್ಕೆ ವಾಲುವುದು ಎಳೆಯ ಬ್ಯಾಟುಗಾರರ ಸಾಮಾನ್ಯ ದೋಷ. ಅಂಥವನ ಸೊಂಟಕ್ಕೆ ಹಗ್ಗ ಕಟ್ಟಿ ಹಿಂದೆ ನಿಲ್ಲುತ್ತಿದ್ದರು, ವಾಲಿದೊಡನೆ ಜಗ್ಗುತ್ತಿದ್ದರು. ಮಾತಿನಲ್ಲಿ ನೂರು ಸಲ ಹೇಳಿದರೂ ಹಿಡಿಯದ ಪಾಠವನ್ನು ಮೈಗೆ ಹೀಗೆ ಹಿಡಿಸುತ್ತಿದ್ದರು.

ಆದರೆ ತಿದ್ದುವುದಕ್ಕಿಂತ ಕಷ್ಟವಾದ ಇನ್ನೊಂದು ಗುಣ ಅವರಲ್ಲಿತ್ತು. ತಿದ್ದಬೇಕಿಲ್ಲದ್ದನ್ನು ಮುಟ್ಟದೆ ಬಿಡುವುದು. 1935ರಲ್ಲಿ ಅವರ ತಂಡದಲ್ಲಿ ಜೋ ಡಿಮಾಜಿಯೊ ಎಂಬ 20 ವರ್ಷದ ಮೀನುಗಾರನ ಮಗನಿದ್ದ. ಆ ವರ್ಷ 398ರ ಸರಾಸರಿ ಗಳಿಸಿ, ಮರುವರ್ಷ ಯಾಂಕೀಸ್ ಸೇರಿ, ಅಮೆರಿಕದ ಮನೆಮಾತಾದ. ಅವನನ್ನು ರೂಪಿಸಿದ ಕೀರ್ತಿಯನ್ನು ಜನ ಗುರುವಿಗೆ ಕೊಡಬಂದಾಗಲೆಲ್ಲ ಓಡೂಲ್ ಅದನ್ನು ಒಪ್ಪುತ್ತಿರಲಿಲ್ಲ. ಆ ಹುಡುಗನನ್ನು ಅವನ ಪಾಡಿಗೆ ಬಿಡುವಷ್ಟು ಬುದ್ಧಿ ತನಗಿತ್ತು, ಅಷ್ಟೇ ಎಂಬುದು ಅವರ ಉತ್ತರವಾಗಿತ್ತು. 1936ರಲ್ಲಿ ಎದುರಾಳಿ ಸ್ಯಾನ್ ಡಿಯಾಗೊ ತಂಡದಲ್ಲಿ ಟೆಡ್ ವಿಲಿಯಮ್ಸ್ ಎಂಬ ಹದಿಹರೆಯದ ಹುಡುಗ ಅಭ್ಯಾಸ ಮಾಡುವುದನ್ನು ಕಂಡು, ನಿನ್ನ ಹೊಡೆತದ ರೀತಿಯನ್ನು ಯಾರಿಗೂ ಬದಲಿಸಲು ಬಿಡಬೇಡವೆಂದು ಬುದ್ಧಿ ಹೇಳಿದರು. ಮುಂದೆ ಬೇಸ್‌ಬಾಲಿನ ಅತಿ ದೊಡ್ಡ ಹೊಡೆತಗಾರರಲ್ಲಿ ಒಬ್ಬರೆನಿಸಿದ ವಿಲಿಯಮ್ಸ್ ಆ ಮಾತನ್ನು ಬಾಳಿಡೀ ಮರೆಯಲಿಲ್ಲ. ಇನ್ನೊಂದೆಡೆ, ಜೋ ಅವರ ತಮ್ಮ ಡಾಮ್ ಡಿಮಾಜಿಯೊ ಕನ್ನಡಕ ಧರಿಸುತ್ತಿದ್ದ ಸಣ್ಣ ಮೈಕಟ್ಟಿನ ಹುಡುಗ. ಅವನೊಂದಿಗೆ ಓಡೂಲ್ ಬಹಳ ದುಡಿದರು. ಮೈಯ ಭಾರವನ್ನು ಹೊಡೆತಕ್ಕೆ ಕೂಡಿಸುವ ಬಗೆಯನ್ನು ಹೇಳಿಕೊಟ್ಟರು. ಅಣ್ಣನನ್ನು ಮುಟ್ಟದೆ ಬಿಟ್ಟವರು ತಮ್ಮನನ್ನು ಕಟ್ಟಿ ನಿಲ್ಲಿಸಿದರು. ಯಾರಿಗೆ ಎಷ್ಟು ಬೇಕೆಂಬುದನ್ನು ಅವರು ಬಲ್ಲವರಾಗಿದ್ದರು.

ಹಸಿರು ಸೂಟು ತೊಟ್ಟು ಓಡಾಡುತ್ತಿದ್ದ ಓಡೂಲ್ ಸ್ಯಾನ್ ಫ್ರಾನ್ಸಿಸ್ಕೋದ ಕಣ್ಮಣಿಯಾಗಿದ್ದರು. ಪಂದ್ಯದ ನಡುವೆ ದೊಡ್ಡ ಕರವಸ್ತ್ರವನ್ನು ಬೀಸಿ ಎದುರಾಳಿ ಪಿಚರ್‌ನನ್ನು ಕೆಣಕುವುದು ಅವರ ಆಟ; ಮಕ್ಕಳಿಗಾಗಿಯೇ ದಿನವೊಂದನ್ನು ಮೀಸಲಿಟ್ಟು ಚೆಂಡುಗಳನ್ನು ಹಂಚುವುದು ಅವರ ಸಂಭ್ರಮ. 1946ರಲ್ಲಿ ಸೀಲ್ಸ್ ಲೀಗ್ ಗೆದ್ದಾಗ ತವರಿನ ಪಂದ್ಯಗಳನ್ನು ನೋಡಲು ಬಂದವರ ಸಂಖ್ಯೆ 6 ಲಕ್ಷ 70 ಸಾವಿರವನ್ನು ದಾಟಿತ್ತು.

ಇದರ ನಡುವೆ ಯುದ್ಧ ಬಂದುಹೋಗಿತ್ತು. ಅದರ ಸುಳಿವು ಬಹಳ ಹಿಂದೆಯೇ ಕಂಡಿತ್ತು. ವಿದೇಶೀಯರನ್ನು ಕರೆತಂದು ಆಡಿಸಿದನೆಂಬ ಸಿಟ್ಟಿನಿಂದ 1935ರ ಫೆಬ್ರುವರಿಯಲ್ಲಿಯೇ ಉಗ್ರ ರಾಷ್ಟ್ರವಾದಿಯೊಬ್ಬ ಶೋರಿಕಿಯವರ ಮೇಲೆ ಕತ್ತಿ ಬೀಸಿದ್ದ. ಅವರು ಹೇಗೋ ಬದುಕುಳಿದಿದ್ದರು. 1941ರ ಡಿಸೆಂಬರ್ 7ರಂದು ಜಪಾನಿನ ವಿಮಾನಗಳು ಪರ್ಲ್ ಹಾರ್ಬರಿನ ಮೇಲೆ ಬಾಂಬ್ ಸುರಿದವು. ಮರುವರ್ಷ ಸ್ಯಾನ್ ಫ್ರಾನ್ಸಿಸ್ಕೋದ ಜಪಾನಿ ಮೂಲದ ಕುಟುಂಬಗಳನ್ನು ಮನೆಗಳಿಂದ ಎಬ್ಬಿಸಿ ಶಿಬಿರಗಳಿಗೆ ಸಾಗಿಸಲಾಯಿತು. ಅತ್ತ ಜಪಾನಿನಲ್ಲಿ ಬೇಸ್‌ಬಾಲ್ ಶತ್ರುವಿನ ಆಟವೆನಿಸಿತು. 1943ರಲ್ಲಿ ಆಟದ ಇಂಗ್ಲಿಷ್ ಪದಗಳನ್ನು ಕಿತ್ತುಹಾಕಿ, ಅಂಪೈರುಗಳು ಜಪಾನಿ ಪದಗಳನ್ನೇ ಕೂಗಬೇಕೆಂದು ವಿಧಿಸಲಾಯಿತು. ಶಿಜುವೊಕಾದ ಹುಡುಗ ಸವಾಮುರಾ ಸೈನ್ಯಕ್ಕೆ ಮತ್ತೆ ಮತ್ತೆ ಸೇರಬೇಕಾಯಿತು. ಗ್ರೆನೇಡುಗಳನ್ನು ಎಸೆದೆಸೆದು ಅವನ ತೋಳು ಕೆಟ್ಟಿತು. 1944ರ ಡಿಸೆಂಬರ್ 2ರಂದು ಅವನಿದ್ದ ಸೈನಿಕರ ಹಡಗು ಟಾರ್ಪಿಡೊ ಬಡಿದು ಮುಳುಗಿತು. ಆಗ ಅವನಿಗೆ 27 ವರ್ಷ. ಕೆಟ್ಟ ತೋಳಿನ ಓಡೂಲ್ ಬ್ಯಾಟ್ ಹಿಡಿದು ಎರಡನೆಯ ಬಾಳನ್ನು ಆರಂಭಿಸಿದ ವಯಸ್ಸೂ ಅದೇ. ಸವಾಮುರಾಗೆ ಎರಡನೆಯ ಬಾಳು ಸಿಗಲಿಲ್ಲ.

1949ರ ವೇಳೆಗೆ ಜಪಾನು ಸೋತು ನಾಲ್ಕು ವರ್ಷಗಳಾಗಿದ್ದವು. ನಗರಗಳು ಇನ್ನೂ ಸುಟ್ಟ ಗಾಯಗಳನ್ನು ಹೊತ್ತಿದ್ದವು. ಆಡಳಿತ ಜನರಲ್ ಡಗ್ಲಸ್ ಮ್ಯಾಕಾರ್ಥರ್ ನೇತೃತ್ವದ ಸೇನೆಯ ಕೈಯಲ್ಲಿತ್ತು. ಜನರ ಮನಸ್ಸನ್ನು ಎತ್ತಲು ಬೇಸ್‌ಬಾಲ್ ನೆರವಾದೀತೆಂದು ಮ್ಯಾಕಾರ್ಥರ್ ಕಚೇರಿ ಯೋಚಿಸಿತು. ಅದಕ್ಕೆ ಆರಿಸಿಕೊಂಡದ್ದು ಮೇಜರ್ ಲೀಗಿನ ದೊಡ್ಡ ತಂಡವನ್ನಲ್ಲ. ಓಡೂಲ್ ಅವರ ಸೀಲ್ಸ್ ತಂಡವನ್ನು. ಏರ್ಪಾಡಿನ ಹೊಣೆ ಹೊತ್ತವರಲ್ಲಿ ಅಮೆರಿಕ ಸೇನೆಯ ಜಪಾನಿ ಮೂಲದ ಅಧಿಕಾರಿ ಕ್ಯಾಪಿ ಹರಾದ ಮುಖ್ಯರು. ಅಕ್ಟೋಬರಿನಲ್ಲಿ ತಂಡ ಟೋಕಿಯೋ ತಲುಪಿತು. ಹಳೆಯ ದಿನಗಳಲ್ಲಿ ಓಡೂಲ್ ಬಾನ್ಜಾಯ್ ಎಂದು ಕೂಗಿದರೆ ಸಾವಿರ ಗಂಟಲುಗಳಿಂದ ಮರುದನಿ ಏಳುತ್ತಿತ್ತು. ಈಗ ಅದೇ ಕೂಗಿಗೆ ಜನ ಮೌನವಾಗಿದ್ದುದನ್ನು ಕಂಡು ಅವರು ಕಳವಳಗೊಂಡರು. ಆದರೆ ಪಂದ್ಯಗಳು ನಡೆದಂತೆ ಮೈದಾನಗಳು ತುಂಬಿದವು. ಯುದ್ಧವಾದ ಮೇಲೆ ಎರಡೂ ದೇಶಗಳ ಧ್ವಜಗಳು ಒಂದೇ ಮೈದಾನದಲ್ಲಿ ಜೊತೆಯಾಗಿ ಏರಿದವು; ಎರಡೂ ರಾಷ್ಟ್ರಗೀತೆಗಳು ಕೇಳಿಸಿದವು. ಚಕ್ರವರ್ತಿ ಹಿರೋಹಿಟೊ ಓಡೂಲ್ ಅವರನ್ನು ಬರಮಾಡಿಕೊಂಡರು. ತಂಡ ಹೊರಡುವ ಹೊತ್ತಿಗೆ ಬಾನ್ಜಾಯ್ ಕೂಗು ಮರಳಿ ಬಂದಿತ್ತು. ಇದಕ್ಕಿಂತ ಮಿಗಿಲಾದ ರಾಯಭಾರ ಕಾರ್ಯವನ್ನು ತಾನು ಕಂಡಿಲ್ಲವೆಂಬುದು ಮ್ಯಾಕಾರ್ಥರ್ ಅಭಿಪ್ರಾಯವಾಗಿತ್ತು.

ಗೆದ್ದ ದೇಶದವನೊಬ್ಬ ಸೋತ ದೇಶಕ್ಕೆ ಹೋಗಿ ಆಡಿ ಬರುವುದು ದೊಡ್ಡದಲ್ಲ. ಓಡೂಲ್ ಅಲ್ಲಿಗೆ ಹೋದದ್ದು ಹಳೆಯ ಶಿಷ್ಯರನ್ನು ಕಾಣಲು ಬಂದ ಮೇಷ್ಟ್ರಂತೆ. ಅವರು ಮುಂದೆಯೂ ಹೋಗುತ್ತಲೇ ಇದ್ದರು. 1950ರಲ್ಲಿ ಜೋ ಡಿಮಾಜಿಯೊ ಅವರನ್ನು ಕರೆದೊಯ್ದರು. 1951ರಲ್ಲಿ ಡಿಮಾಜಿಯೊ ಸೋದರರಿಬ್ಬರೂ ಇದ್ದ ತಂಡವನ್ನು ಕರೆದೊಯ್ದರು. ಹವಾಯಿಯಲ್ಲಿ ಹುಟ್ಟಿದ ಜಪಾನಿ ಮೂಲದ ವಾಲಿ ಯೊನಮೀನೆ ಅವರನ್ನು ಟೋಕಿಯೋದ ಜೈಂಟ್ಸ್ ತಂಡಕ್ಕೆ ಶಿಫಾರಸು ಮಾಡಿದರು. 1951ರಲ್ಲಿ ಆ ತಂಡ ಸೇರಿದ ಯೊನಮೀನೆ, ಯುದ್ಧಾನಂತರ ಜಪಾನಿನಲ್ಲಿ ಆಡಿದ ಮೊದಲ ಅಮೆರಿಕನ್ ಆಟಗಾರರಾಗಿ, ಆರಂಭದಲ್ಲಿ ಪ್ರೇಕ್ಷಕರ ಬಿರುನುಡಿಗಳನ್ನು ಸಹಿಸಿ ಕೊನೆಗೆ ಅವರ ಪ್ರೀತಿಯನ್ನು ಗೆದ್ದರು. 1954ರ ಫೆಬ್ರುವರಿಯಲ್ಲಿ ಓಡೂಲ್ ಜಪಾನಿನಲ್ಲಿ ತರಬೇತಿ ನೀಡಲು ಹೊರಟಾಗ ಹೊಸದಾಗಿ ಮದುವೆಯಾಗಿದ್ದ ಜೋ ಡಿಮಾಜಿಯೊ ಮತ್ತು ನಟಿ ಮರ್ಲಿನ್ ಮನ್ರೊ ಅವರೊಡನೆ ಪ್ರಯಾಣಿಸಿದರು. ಪತ್ರಿಕೆಗಳ ಕಣ್ಣು ನವದಂಪತಿಗಳ ಮೇಲಿದ್ದರೆ ಓಡೂಲ್ ಅವರ ಕಣ್ಣು ಹುಡುಗರ ಬ್ಯಾಟಿನ ಮೇಲಿತ್ತು.

ಸೀಲ್ಸ್ ತಂಡದೊಂದಿಗಿನ ನಂಟು 1951ಕ್ಕೆ ಮುಗಿಯಿತು. ಆಮೇಲೆ ಸ್ಯಾನ್ ಡಿಯಾಗೊ, ಓಕ್‌ಲ್ಯಾಂಡ್, ವ್ಯಾಂಕೂವರ್, ಸಿಯಾಟಲ್ ತಂಡಗಳನ್ನು ನಡೆಸಿ 1957ರಲ್ಲಿ ನಿವೃತ್ತರಾದರು. 23 ಋತುಗಳಲ್ಲಿ ಅವರ ತಂಡಗಳು ಗೆದ್ದ ಪಂದ್ಯಗಳು ಎರಡು ಸಾವಿರಕ್ಕೂ ಹೆಚ್ಚು. 1958ರಲ್ಲಿ ನ್ಯೂಯಾರ್ಕ್ ಜೈಂಟ್ಸ್ ತಂಡ ಸ್ಯಾನ್ ಫ್ರಾನ್ಸಿಸ್ಕೋಗೆ ವಲಸೆ ಬಂದಾಗ ಅದರ ಎಳೆಯ ಬ್ಯಾಟುಗಾರರಿಗೂ ಪಾಠ ಹೇಳಿದರು. ಅದೇ ವರ್ಷ ನಗರದ ಗಿಯರಿ ಬೀದಿಯಲ್ಲಿ ತಮ್ಮ ಹೆಸರಿನ ಹೋಟೆಲೊಂದನ್ನು ತೆರೆದರು. 1969ರ ಡಿಸೆಂಬರ್ 7ರಂದು, 72ನೆಯ ವಯಸ್ಸಿನಲ್ಲಿ, ಹುಟ್ಟಿದ ಊರಿನಲ್ಲಿಯೇ ಕಣ್ಮುಚ್ಚಿದರು. ಪರ್ಲ್ ಹಾರ್ಬರ್ ದಾಳಿಯಾಗಿ ಅಂದಿಗೆ ಸರಿಯಾಗಿ 28 ವರ್ಷಗಳಾಗಿದ್ದವು.

349ರ ಸರಾಸರಿಯಿದ್ದರೂ ಅಮೆರಿಕದ ಬೇಸ್‌ಬಾಲ್ ಕೀರ್ತಿಭವನ ಇಂದಿನವರೆಗೆ ಅವರನ್ನು ಒಳಗೆ ಕರೆದಿಲ್ಲ. ಬ್ಯಾಟುಗಾರನಾಗಿ ಅವರು ಮೇಜರ್ ಲೀಗಿನಲ್ಲಿ ಆಡಿದ ವರ್ಷಗಳು ಕಡಿಮೆ ಎಂಬುದು ಅದಕ್ಕೆ ಹೇಳುವ ಕಾರಣ. ಕಲಿಸಿದ ವರ್ಷಗಳನ್ನು ಆ ಲೆಕ್ಕ ಎಣಿಸುವುದಿಲ್ಲ. ಜಪಾನಿನ ಲೆಕ್ಕ ಬೇರೆ. ಅಲ್ಲಿನ ಕೀರ್ತಿಭವನ 2002ರಲ್ಲಿ ಓಡೂಲ್ ಅವರನ್ನು ಸೇರಿಸಿಕೊಂಡಿತು. ಆಟದ ಮಾತುಗಳನ್ನು ತನ್ನ ನುಡಿಗೆ ತಂದ ಕವಿ ಶಿಕಿಗೂ ಆ ಗೌರವ ಸಂದದ್ದು ಅದೇ ವರ್ಷ. ಹೊರಗಿನ ಆಟವೊಂದು ಒಂದು ನಾಡಿನದೇ ಆಗಬೇಕಾದರೆ ಅದಕ್ಕೆ ಮಾತು ಕೊಡುವವರೂ ಬೇಕು, ಕೈ ಹಿಡಿದು ಕಲಿಸುವವರೂ ಬೇಕು ಎಂಬುದನ್ನು ಆ ಜನ ಅರಿತಿದ್ದರು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಈಗಿನ ಬೇಸ್‌ಬಾಲ್ ಮೈದಾನದ ಮಗ್ಗುಲಲ್ಲಿ ಹಳೆಯ ಸೇತುವೆಯೊಂದಿದೆ. ಪಂದ್ಯದ ದಿನ ಸಾವಿರಾರು ಜನ ಅದನ್ನು ದಾಟಿ ಮೈದಾನಕ್ಕೆ ಹೋಗುತ್ತಾರೆ. ಆ ಸೇತುವೆಗೆ ಲೆಫ್ಟಿ ಓಡೂಲ್ ಅವರ ಹೆಸರನ್ನು ಇಟ್ಟಿದ್ದಾರೆ.